ರಾಜೀನಾಮೆಯಿಲ್ಲದ ಸಂವಿಧಾನ

ಉಡುಪಿಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಅಮೆರಿಕದ ಸಂವಿಧಾನವನ್ನು ಪಾಠ ಮಾಡಿದವಳು ನಾನು. ಆ ದೇಶವನ್ನು ಮಾತ್ರ ಈವರೆಗೆ ಕಂಡಿಲ್ಲ. ಮಗನ ಜೊತೆ ಸಿಡ್ನಿಯ ಬ್ಲ್ಯಾಕ್‌ಟೌನ್‌ಗೆ ಬಂದ ಮೇಲೆ, ನಮ್ಮ ಕರಾವಳಿಯ ಐವತ್ತು ಮನೆಯವರು ಸೇರಿ ಸಂಘ ಕಟ್ಟಿದರು. ನೋಂದಣಿಗೆ ಸಂವಿಧಾನ ಬೇಕೆಂದಾಯಿತು. ಸಿದ್ಧ ಮಾದರಿಯೊಂದಿತ್ತು, ಹೆಸರು ತುಂಬಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಬಾಣಲೆ ಕಂಡರೆ ವಡೆ ಕರಿಯದೆ ಬಿಡದ ಕೈ ನನ್ನದು. ನಾನೇ ಬರೆಯುತ್ತೇನೆ ಎಂದೆ.

ಬರೆದೆ, ಅಮೆರಿಕದವರ ದಾರಿಯಲ್ಲೇ. ಕಮಿಟಿ ನಿಯಮ ಮಾಡಬೇಕು, ಅಧ್ಯಕ್ಷರು ನಡೆಸಬೇಕು, ಮೂವರು ಹಿರಿಯರ ಮಂಡಳಿ ಸರಿ ತಪ್ಪು ಹೇಳಬೇಕು. ಯಾರ ಕೈಯೂ ಉದ್ದವಾಗದಂತೆ ಒಬ್ಬರನ್ನು ಇನ್ನೊಬ್ಬರು ತಡೆಯಬೇಕು. ಕಮಿಟಿಯ ತೀರ್ಮಾನ ಸರಿಕಾಣದಿದ್ದರೆ ಅಧ್ಯಕ್ಷರು ಹತ್ತು ದಿನದೊಳಗೆ ವೀಟೊ ಹಾಕಿ ತಡೆಯಬಹುದು. ಅಧ್ಯಕ್ಷರೇ ದಾರಿ ತಪ್ಪಿದರೆ ಕಮಿಟಿ ಆರೋಪ ಹೊರಿಸಬೇಕು. ವಿಚಾರಣೆಯಲ್ಲಿ ಇಬ್ಬರು ಹಿರಿಯರು ಒಪ್ಪಿದರೆ ಅಧ್ಯಕ್ಷರನ್ನು ಇಳಿಸಿ, ತಿಂಗಳೊಳಗೆ ಹೊಸಬರನ್ನು ಆರಿಸಬೇಕು. ಅಧ್ಯಕ್ಷರು ಸಿಡ್ನಿಯಲ್ಲೇ ವಾಸವಿರಬೇಕು. ಎಲ್ಲಕ್ಕೂ ಮೇಲೆ ಮೊದಲ ಸಾಲು: ನಿಯಮಕ್ಕಿಂತ ದೊಡ್ಡವರು ಯಾರೂ ಇಲ್ಲ.

ಊರಿನಲ್ಲಿ ಕುರ್ಚಿಗೆ ಅಂಟಿಕೊಂಡವರನ್ನು ನೋಡಿ ನೋಡಿ ಸಾಕಾಗಿತ್ತು. ಇಳಿಯಲೊಲ್ಲದವರನ್ನು ಇಳಿಸುವುದು ಹೇಗೆಂದು ಎರಡು ಪುಟ ಬರೆದೆ. ತಾವಾಗಿಯೇ ಬಿಟ್ಟು ಹೋಗಬೇಕಾದವರೂ ಇರುತ್ತಾರೆಂದು ಹೊಳೆಯಲೇ ಇಲ್ಲ. ಅಮೆರಿಕದವರು ರಾಜೀನಾಮೆಗೂ ಒಂದು ಮಾತು ಬರೆದಿಟ್ಟಿದ್ದಾರೆ. ಅದನ್ನು ಪಾಠ ಮಾಡಿದವಳೇ ಮರೆತೆ.

ನಾಲ್ಕು ವರ್ಷದ ಅವಧಿಗೆ ನನ್ನನ್ನೇ ಅಧ್ಯಕ್ಷೆ ಮಾಡಿದರು. ಎರಡನೆಯ ವರ್ಷ, ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಒಂಟಿಯಾಗಿರುವ ನನ್ನ ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆರು ತಿಂಗಳು ಕೀಮೊ. "ನೀನೊಬ್ಬಳು ಇಲ್ಲಿದ್ದಿದ್ರೆ ಆಗ್ತಿತ್ತು" ಎಂದಳು ಫೋನಿನಲ್ಲಿ. ಅಕ್ಕ ಹುಟ್ಟಿದಾಗಿನಿಂದ ಯಾರ ಹತ್ತಿರವೂ ಏನೂ ಕೇಳಿದವಳಲ್ಲ.

ರಾಜೀನಾಮೆ ಬರೆದುಕೊಂಡು ಹಿರಿಯರ ಮಂಡಳಿಯ ಮುಖ್ಯಸ್ಥರ ಮನೆಗೆ ಹೋದೆ. ಎಂಬತ್ತು ದಾಟಿದ ಅವರನ್ನು ನಾವೆಲ್ಲ ದೊಡ್ಡಪ್ಪ ಎನ್ನುತ್ತೇವೆ. ಊರಿನ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಕಾಗದವನ್ನು ಎರಡು ಸಲ ಓದಿ ನನ್ನ ಕಡೆಗೇ ಸರಿಸಿದರು.

"ಇದನ್ನು ತಗೊಳ್ಳಿಕ್ಕೆ ನಿಯಮ ಎಲ್ಲುಂಟು ಮಾರಾಯ್ತಿ? ನೀನೇ ಬರ್ದದ್ದಲ್ವಾ? ತೋರ್ಸು."

ತೋರಿಸಲು ಇರಲಿಲ್ಲ. ತಿದ್ದುಪಡಿ ಮಾಡೋಣವೆಂದರೆ ವಾರ್ಷಿಕ ಸಭೆಯಲ್ಲಿ ಮುಕ್ಕಾಲುಪಾಲು ಮನೆಗಳು ಒಪ್ಪಬೇಕು. ಸಭೆಗೆ ಇನ್ನೂ ಎಂಟು ತಿಂಗಳಿತ್ತು.

"ಸುಮ್ನೆ ಹೋಗ್ಬಿಡಿ ಆಂಟಿ, ಯಾರು ಬಂದು ಹಿಡೀತಾರೆ?" ಎಂದಳು ಸಂಘದ ಕಾರ್ಯದರ್ಶಿ. ಬೆಂಗಳೂರಿನಲ್ಲಿ ಬೆಳೆದ ಹುಡುಗಿ, ಒಂದು ಮಗುವಿನ ತಾಯಿ.

ಆಗಲಿಲ್ಲ. ಒಂದು ಗಂಟೆ ತಡವಾಯಿತೆಂದು, ಕಮಿಟಿ ಚುನಾವಣೆಗೆ ನಿಂತ ಒಬ್ಬರ ನಾಮಪತ್ರವನ್ನು ಮುಖಕ್ಕೆ ಹಿಡಿದು ವಾಪಸು ಕೊಟ್ಟವಳು ನಾನು. ಅವರು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ಈಗ ನನ್ನ ಸರದಿಗೆ ಬೇಲಿ ಹಾರುವುದು ಹೇಗೆ?

"ಹಾಗಾದ್ರೆ ಆರೋಪ ಹೊರಿಸಿ ನಿಮ್ಮನ್ನ ಇಂಪೀಚ್ ಮಾಡೋದೊಂದೇ ದಾರಿ" ಎಂದು ಅವಳು ನಕ್ಕಳು. ನಾನು ನಗಲಿಲ್ಲ. "ಮಾಡಿ" ಎಂದೆ.

ಕಮಿಟಿಯೂ ಒಪ್ಪಿತು. ಭಾನುವಾರ ಬೆಳಿಗ್ಗೆ ಸಂಘ ಸೇರುವ ಹಾಲ್‌ನಲ್ಲಿ ವಿಚಾರಣೆ. ಗುರುವಾರ ಅಕ್ಕನ ಮೊದಲ ಕೀಮೊ. ಕಾರ್ಯದರ್ಶಿ ಆರೋಪಪಟ್ಟಿ ಓದಿದಳು: ಅಧ್ಯಕ್ಷೆ ಅಷ್ಟಮಿಯ ಮೂಡೆ ಕಡುಬಿಗೆ ಉಪ್ಪು ಹಾಕಲು ಮರೆತರು. ಮೀಟಿಂಗ್‌ನಲ್ಲಿ ಎಲ್ಲರಿಗೂ ಪಾಠ ಮಾಡುತ್ತಾರೆ. ಹಾಲ್ ತುಂಬ ನಗು. ದೊಡ್ಡಪ್ಪ ನಗಲಿಲ್ಲ.

"ಉಪ್ಪಿಗೆಲ್ಲ ಒಂದು ಹೆಂಗ್ಸನ್ನು ತಪ್ಪಿತಸ್ಥೆ ಅಂತ ಬರೀಲಿಕ್ಕೆ ನನ್ನ ಕೈ ಬರುದಿಲ್ಲ. ಸುಳ್ಳಿಗೆ ನಾನು ಸಹಿ ಹಾಕುದಿಲ್ಲ."

ಪಕ್ಕದ ಇಬ್ಬರು ಹಿರಿಯರೂ ಹೌದೆಂದು ತಲೆಯಾಡಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನನ್ನ ಮೇಲಿನ ಪ್ರೀತಿಯಿಂದ. ಹೊರಗಿನಿಂದ ಚಿಲಕ ಹಾಕಿದ ಸದ್ದಿನಂತೆ ಕೇಳಿತು ನನಗೆ.

"ನಿಜವಾದದ್ದು ಒಂದುಂಟು ದೊಡ್ಡಪ್ಪ" ಎಂದೆ.

ಹೇಳಿದೆ. ಹಿಂದಿನ ಗಣೇಶ ಹಬ್ಬದಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ನಾಟಕ ಮಾಡಬಹುದೆಂದು ಕಮಿಟಿ ತೀರ್ಮಾನಿಸಿತ್ತು. ನನಗೆ ಸೇರಲಿಲ್ಲ. ತಡೆಯಲೋ ಬೇಡವೋ ಎಂದು ತೂಗುತ್ತ ಹದಿನಾಲ್ಕು ದಿನ ಕಳೆದಿದ್ದೆ. ಆಮೇಲೆ ಐದು ದಿನ ಹಿಂದಿನ ತಾರೀಕು ಹಾಕಿ ವೀಟೊ ಬರೆದೆ. ಯಾರೂ ಗಮನಿಸಲಿಲ್ಲ. ನಾಟಕ ನಿಂತುಹೋಯಿತು.

ಹಾಲ್‌ನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಕಾರ್ಯದರ್ಶಿಯ ಕೈಯಲ್ಲಿದ್ದ ಪಟ್ಟಿ ಕೆಳಗಿಳಿಯಿತು.

"ನನ್ ಮಗಳು ಎರಡು ದಿನ ಊಟ ಮಾಡ್ಲಿಲ್ಲ ಆಂಟಿ. ರೂಲ್ ಅಂದ್ರೆ ರೂಲು ಅಂತ ನಾನೇ ಅವಳಿಗೆ ಬೈದಿದ್ದೆ."

ದೊಡ್ಡಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಇದು ತಪ್ಪು" ಎಂದು ಕೈ ಎತ್ತಿದರು. ಎರಡನೆಯ ಹಿರಿಯರೂ ಎತ್ತಿದರು. ಮೂರನೆಯವರು ನೆಲ ನೋಡುತ್ತ ಕುಳಿತಿದ್ದರು. ಅವರ ಕೈ ಬೇಕಾಗಲಿಲ್ಲ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ದಾರಿ ಬಿಡಲು ಎರಡು ಸಾಲು ಕುರ್ಚಿ ಸರಿಸಿದರು, ಅಷ್ಟೇ.

ಬುಧವಾರ ಮಧ್ಯಾಹ್ನ ಅಕ್ಕ ಬಾಗಿಲು ತೆರೆದಳು. ಕೂದಲು ಉದುರುವ ಮೊದಲೇ ತಲೆಗೆ ಬಟ್ಟೆ ಕಟ್ಟಿ ಅಭ್ಯಾಸ ಮಾಡಿಕೊಳ್ಳುತ್ತಿದ್ದಳು.

"ಬಿಟ್ರಾ ಅವ್ರು ನಿನ್ನನ್ನು?"

"ತೆಗ್ದು ಹಾಕಿದ್ರು."

ತಮಾಷೆಯೆಂದುಕೊಂಡು ಅಕ್ಕ ಜೋರಾಗಿ ನಕ್ಕಳು. ನಗಲಿ ಎಂದು ಬಿಟ್ಟೆ. ಚಪ್ಪಲಿ ಕಳಚಿ, ನಾಳೆ ಎಷ್ಟು ಗಂಟೆಗೆ ಹೊರಡಬೇಕು ಎಂದು ಕೇಳಿದೆ.