ಗಿರಣಿಯ ಶ್ಮಿಟ್ ಸಾಹೇಬರು

ಬೇವಿನ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಶ್ಮಿಟ್ ಸಾಹೇಬರನ್ನು ಯಾರೂ ಮಾತನಾಡಿಸುವಂತಿರಲಿಲ್ಲ. ಆಮೇಲೆ ರಾಗಿ ಬೀಸಿಸಲು ಬಂದ ಹೆಂಗಸರ ಕಡೆ ತಿರುಗಿ, "ಇದ್ಕೆ ಎಣ್ಣೆ ಸಾಲ್ದು ಕಣಮ್ಮ, ವಸಿ ತಡಿ" ಎನ್ನುವರು. ಜರ್ಮನಿಯಿಂದ ಎಂಜಿನ್ ಕೂರಿಸಲು ಬಂದವರು ಮಧುಗಿರಿಯ ಹಿಟ್ಟಿನ ಗಿರಣಿಯಲ್ಲೇ ಉಳಿದುಬಿಟ್ಟಿದ್ದರು. ಕನ್ನಡ ಕಲಿತದ್ದೂ ಆ ಹೆಂಗಸರ ಸಾಲಿನಿಂದಲೇ.

ನಾನಾಗ ಮಿಡ್ಲ್ ಸ್ಕೂಲ್ ಮೇಷ್ಟ್ರು. ಸಂಜೆ ಗಿರಣಿಯ ಜಗಲಿಯಲ್ಲಿ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಚಟ ನನಗೆ. ಒಮ್ಮೆ ಶ್ಮಿಟ್ ಎಂಬ ಜರ್ಮನ್ ಪಂಡಿತರು ನಮ್ಮ ಶಾಸ್ತ್ರಗ್ರಂಥಗಳನ್ನು ಅಚ್ಚು ಹಾಕಿಸಿದ ಸುದ್ದಿ ಬಂತು. "ನಮ್ಮ ಸಾಹೇಬರ ವಂಶದವರೇ ಇರಬೇಕು!" ಎಂದುಬಿಟ್ಟೆ. ಮಾರನೆಯ ದಿನವೇ ಊರ ಹಿರಿಯರು ಬಂದು ಸಾಹೇಬರಿಗೆ ಶಾಲು ಹೊದಿಸಿದರು.

"ಅಯ್ಯೋ, ಅವ್ರ್ಯಾರೋ ನಾನ್ಯಾರೋ! ಇಲ್ಲಿ ಈರಣ್ಣ ಇದ್ದಂಗೆ ನಮ್ ಕಡೆ ಈ ಹೆಸ್ರು ಊರೂರ್ಗೂ ಅದೆ. ನಮ್ಮಪ್ಪ ಕುದುರೆಗೆ ಲಾಳ ಹೊಡೀತಿದ್ದ," ಎಂದು ಅವರು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇದು ದೊಡ್ಡವರ ವಿನಯವೆಂದು ನಾನೇ ವ್ಯಾಖ್ಯಾನ ಮಾಡಿದೆ.

ಆಮೇಲೆ ಇಂಗ್ಲಿಷರಿಗೂ ಜರ್ಮನಿಗೂ ಯುದ್ಧ ಬಂತು. ನಮ್ಮ ಸಿಪಾಯಿಗಳಿದ್ದ ಹಡಗನ್ನು ಮುಳುಗಿಸಿದವನ ಹೆಸರು ಶ್ಮಿಟ್ ಎಂದು ಜಗಲಿಯಲ್ಲಿ ಓದಿದವನೂ ನಾನೇ. ಈ ಸಲ ವ್ಯಾಖ್ಯಾನ ಮಾಡಲಿಲ್ಲ, ಪತ್ರಿಕೆ ಮಡಚಿಕೊಂಡು ಮನೆಗೆ ಹೋದೆ. ವಾರ ಕಳೆಯುವುದರೊಳಗೆ ಗಿರಣಿಯ ಮುಂದಿನ ಸಾಲು ಕರಗಿತು. ಯಾರೋ ಸಾಹೇಬರ ಮೇಲೆ ಅರ್ಜಿ ಬರೆದರು, ವಿಚಾರಣೆಗೆ ಇನ್‌ಸ್ಪೆಕ್ಟರ್ ಬಂದರು.

"ಇವರಿಗೂ ಆ ಹಡಗಿನವನಿಗೂ ಸಂಬಂಧವಿಲ್ಲ ಅಂತ ಗೊತ್ತಿದ್ದವರು ಯಾರಾದರೂ ಬರೆದುಕೊಡಿ. ಊರಲ್ಲೇ ಬಿಡೋದಕ್ಕೆ ಶಿಫಾರಸು ಮಾಡ್ತೀನಿ. ಇಲ್ಲದಿದ್ರೆ ಜರ್ಮನರನ್ನ ಕೂಡಿಹಾಕೋ ಕ್ಯಾಂಪಿಗೆ ಕಳಿಸಬೇಕಾಗುತ್ತೆ," ಎಂದರು.

ರಾಗಿ ಪುಟ್ಟಿ ಹೊತ್ತಿದ್ದ ಕೆಂಚಮ್ಮ ಮುಂದೆ ಬಂದಳು. "ನಮ್ಮೂರಾಗೆ ಏಳು ಜನ ಈರಣ್ಣ ಅವ್ರೆ ಸ್ವಾಮಿ. ಒಬ್ಬ ಕದ್ರೆ ಏಳು ಜನ್ನೂ ಎಳ್ಕೊಂಡೋಯ್ತೀರಾ?"

"ನಿನಗೆ ಬರೆಯೋಕೆ ಬರುತ್ತೇನಮ್ಮ?"

ಅವಳಿಗೆ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಆದರೆ ನನಗೆ ಸರ್ಕಾರಿ ನೌಕರಿ ನೆನಪಾಯಿತು.

ಬಸ್ಸು ಹತ್ತುವ ಮುಂಚೆ ಸಾಹೇಬರು ನನ್ನ ಹತ್ತಿರ ಬಂದರು. "ಮೇಷ್ಟ್ರೇ, ಆ ಪಂಡಿತ್ರನ್ನ ನಂಗೆ ನೆಂಟರು ಮಾಡುದ್ರಿ. ಈ ಹಡಗಿನೋನು ನೆಂಟ ಅಲ್ಲ ಅಂತ ಒಂದ್ ಗೆರೆ ಬರೀಬಾರ್ದಾಗಿತ್ತಾ?" ದನಿಯಲ್ಲಿ ಕೋಪವಿರಲಿಲ್ಲ. ಬಸ್ಸು ಬೆಟ್ಟದ ಬುಡದಲ್ಲಿ ತಿರುಗಿ ಮರೆಯಾಯಿತು.

ಅವರು ಮತ್ತೆ ಬರಲಿಲ್ಲ. ಬೇವಿನ ಕೋಲು ಬಹಳ ವರ್ಷ ಗಿರಣಿಯ ಮೂಲೆಯಲ್ಲೇ ಇತ್ತು.

ಆ ಗೆರೆಯನ್ನು ಈಗ ಬರೆಯುತ್ತಿದ್ದೇನೆ: ಗಿರಣಿಯ ಶ್ಮಿಟ್ ಸಾಹೇಬರು ಲಾಳ ಹೊಡೆಯುವವನ ಮಗ, ಹಡಗು ಮುಳುಗಿಸಿದವನು ಅವರಿಗೆ ಏನೂ ಆಗಬೇಕಿರಲಿಲ್ಲ. ಇದು ನನಗೆ ಅಂದೇ ಗೊತ್ತಿತ್ತು.