ಛತ್ರಿವಾಲಾನ ವಕೀಲಿ

ನಮ್ಮ ದೀಪಾ ಯಾರದೇ ಆಗಲಿ, ಮೊದಲು ಮುಖ ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದಳು. ಮನೆಗೆ ಯಾರಾದರೂ ಬಂದು ಹೋದ ಮೇಲೆ "ಏನಂತ ಬಂದಿದ್ದಳ ಆಕಿ?" ಎಂದು ನಾನು ಗೊಣಗಿದರೆ, "ಉಂಗುರ ತಿರುವಿಕೋತ ಕುಂತಿದ್ದಳ ಆಯಿ. ಏನೋ ಕೇಳಾಕ ಬಂದು ಕೇಳದನ ಹೋದಳು" ಎನ್ನುವಳು. ಬಹಳ ಸಲ ಅದು ಖರೆ ಇರುತ್ತಿತ್ತು. "ಮಾರಿ ಸುಳ್ಳ ಹೇಳತೈತಿ, ಕೈಗೆ ಸುಳ್ಳ ಹೇಳಾಕ ಬರಂಗಿಲ್ಲ." ಇದು ಅವಳ ಮಾತು. ಬೀಡಿ ಕಟ್ಟುವ ಮನೆಯಲ್ಲಿ ಬೆಳೆದ ಹುಡುಗಿ, ಕೈ ನೋಡದೆ ಮತ್ತೇನು ನೋಡುತ್ತಾಳೆ?

ದೀಪಾ ನನ್ನ ಮಗಳ ಮಗಳು. ಸತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನಾನು ಅವಳ ಸುದ್ದಿ ತೆಗೆದರೆ ಮಂದಿ ಮುಖ ಸಣ್ಣ ಮಾಡಿಕೊಂಡು ಕೂಡುತ್ತಾರೆ. ಗಟ್ಟಿಮುಟ್ಟಾಗಿ ಇದ್ದಾಳೆ. ನನ್ನ ಹತ್ತಿರ ಇಲ್ಲ, ಅಷ್ಟೇ.

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಊಟ ಮುಗಿದರೆ ನನ್ನ ಪಡಸಾಲೆ ತುಂಬುತ್ತದೆ. ನಾನು, ಎದುರುಮನೆಯ ಮಾಲನಬಾಯಿ, ಹಿಂದಿನ ಮನೆಯ ಹಸೀನಾ. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ತಂಬಾಕು, ದಾರ. ನಮ್ಮಲ್ಲೊಂದು ಪದ್ಧತಿ ಇದೆ. ಒಬ್ಬಳು ಏನಾದರೂ ಓದಿ ಹೇಳಿದರೆ, ಉಳಿದವರು ಅವಳ ಪಾಲಿನ ಬೀಡಿಯನ್ನೂ ಕಟ್ಟಬೇಕು. ಓದುವವಳ ಮೊರವನ್ನು ನಡುವೆ ಇಟ್ಟು ಎಲ್ಲರೂ ಆಗಾಗ ಅದರೊಳಗೆ ಒಂದೊಂದು ಹಿಡಿ ಹಾಕುತ್ತ ಇರಬೇಕು. ಮೊದಲು ಪೇಪರು ಓದುವವರಿದ್ದರು, ಪುರಾಣ ಓದುವವರಿದ್ದರು. ದೀಪಾ ಕಾಲೇಜಿಗೆ ಹೋಗತೊಡಗಿದ ಮೇಲೆ ಆ ಮೊರ ಅವಳದಾಯಿತು, ಓದುವುದು ಜಪಾನದ ಚಿತ್ರಕಥೆ ಆಯಿತು.

ಮಾಂಗಾ ಅನ್ನುತ್ತಾರೆ ಅದಕ್ಕೆ. ಕೊಲ್ಲಾಪುರದ ಹಳೇ ಪುಸ್ತಕದ ಅಂಗಡಿಯಿಂದ ಒಂದೊಂದಾಗಿ ತರುತ್ತಿದ್ದಳು. ಒಳಗೆ ಇಂಗ್ಲಿಷು. ನಾನು ಓದಿದ್ದು ಮೂರನೇ ಇಯತ್ತೆ, ಅಕ್ಷರ ಕೂಡಿಸಿ ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷು ನನಗೆ ಇರುವೆ ಸಾಲು. ಅವಳು ಚಿತ್ರ ತೋರಿಸುತ್ತ ನನಗೆ ಕನ್ನಡದಲ್ಲಿ, ಮಾಲನಬಾಯಿಗೆ ಅರ್ಧ ಮರಾಠಿಯಲ್ಲಿ ಹೇಳುತ್ತಿದ್ದಳು. ಅದೂ ಹಿಂದಿನ ರಟ್ಟಿನಿಂದ ಶುರು ಮಾಡಿ ಮುಂದಿನ ರಟ್ಟಿಗೆ ಬರುವುದು. "ಏನ್ ಉಲ್ಟಾ ಮಂದಿಬೇ ಅವರು" ಎಂದೆ. "ಅವರಿಗೆ ನಾವ ಉಲ್ಟಾ ಆಯಿ" ಎಂದಳು.

ಕಥೆ ಇಷ್ಟು. ನದಿಯ ನಡುವೆ ಒಂದು ಊರು, ಊರ ಬಾಗಿಲಿಗೆ ಕಲ್ಲಿನ ಅಗಸಿ. ಅದೇ ಊರಲ್ಲಿ ಹುಟ್ಟಿದವನೊಬ್ಬ ದೊಡ್ಡವನಾಗಿ, ಕರಿ ಛತ್ರಿ ಹಿಡಿದು ದಂಡು ಕಟ್ಟಿಕೊಂಡು ಬಂದು ಊರಿನ ದೋಣಿಗಳನ್ನೆಲ್ಲ ಸುಟ್ಟುಬಿಡುತ್ತಾನೆ. ಊರಲ್ಲಿ ಉಳಿದ ಅವನ ತಮ್ಮ, ಅಣ್ಣನನ್ನು ಕೊಂದೇ ತೀರುತ್ತೇನೆ ಎಂದು ಹೊರಡುತ್ತಾನೆ. ಛತ್ರಿಯವನ ಜಪಾನಿ ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ. ಹಸೀನಾ 'ಛತ್ರಿವಾಲಾ' ಎಂದಳು, ಅದೇ ಉಳಿಯಿತು.

ಎಲ್ಲರಿಗೂ ತಮ್ಮನ ಮೇಲೆ ಮಾಯೆ, ಅಕ್ಕರೆ. ದೀಪಾ ಒಬ್ಬಳೇ ಛತ್ರಿವಾಲಾನ ವಕೀಲೆ.

"ಅಗ ಬಾಯಿ, ಸುಟ್ಟವ ಸುಟ್ಟವನ. ಅವಂಗ ಮತ್ತೇನ ಕಾರಣ?" ಎಂದಳು ಮಾಲನಬಾಯಿ.

"ಮಾವಶಿ, ಸುಟ್ಟ ದಿನ ಒಂದ ದೋಣ್ಯಾಗರ ಮನಶ್ಯಾ ಇದ್ದನೇನ? ಎಲ್ಲಾ ಖಾಲಿ. ಖಾಲಿ ಅದಾವಂತ ನೋಡೇ ಬೆಂಕಿ ಹಚ್ಯಾನ."

"ನನ್ನ ಗಂಡನೂ ಕುಡದು ಬಂದ್ರ ಖಾಲಿ ಗಡಿಗಿನ ಒಡೀತಾನ, ತುಂಬಿದ್ದ ಮುಟ್ಟಂಗಿಲ್ಲ" ಎಂದಳು ಹಸೀನಾ. "ಹಂಗಂತ ಅವಂಗ ಹಾರ ಹಾಕಲೇನ?"

ನಕ್ಕು ನಕ್ಕು ನನ್ನ ಮೊರದ ತಂಬಾಕು ನೆಲಕ್ಕೆ ಬಿತ್ತು. ದೀಪಾ ನಗಲಿಲ್ಲ. ಆ ಕಥೆಯ ವಿಷಯಕ್ಕೆ ಅವಳು ನಗುತ್ತಿರಲಿಲ್ಲ.

"ಏಳು ಪುಸ್ತಕ ಆತು ಆಯಿ. ಅವ ಊರ ಅಗಸಿ ದಾಟಿಲ್ಲ. ಅಗಸಿ ಕಲ್ಲಿನತನಕ ಬರತಾನ, ನಿಲ್ಲತಾನ, ತಿರುಗಿ ಹೋಗತಾನ. ಹಬ್ಬದ ದಿನಾನೂ ಬಂದು ಹೊರಗ ನಿಂತಿದ್ದ."

"ಪುಕ್ಕಲ ಅದಾನ" ಎಂದೆ.

"ಇಡೀ ದಂಡ ಸೋಲಿಸಿದಂವ ಒಂದ ಕಲ್ಲಿಗೆ ಹೆದರತಾನೇನ? ಯಾರೋ ಅವನ ಕಡಿಂದ ಮಾತ ತೊಗೊಂಡಾರ."

ಫೋನಿನಲ್ಲಿ ಇದೇ ಕಥೆ ಓದುವ ಎಲ್ಲೆಲ್ಲಿಯದೋ ಮಂದಿ ಇದ್ದರಂತೆ. ಅಲ್ಲಿಯೂ ಹೀಗೇ ಬರೆದು ಎಲ್ಲರ ಕೈಲಿ ಬೈಸಿಕೊಳ್ಳುತ್ತಿದ್ದಳು. ಊಟಕ್ಕೆ ಕರೆದರೆ "ತಡಿ ಆಯಿ, ಒಬ್ಬಂವ ಅವಂಗ ರಾಕ್ಷಸ ಅಂದಾನ" ಎನ್ನುವಳು. ಯಾರೋ ಅವಳನ್ನೇ ಬೈದ ಹಾಗೆ ಮುಖ ಕೆಂಪಾಗಿರುತ್ತಿತ್ತು. ಕಾಗದದ ಮನುಷ್ಯನಿಗೆ ಇಷ್ಟು ಯಾಕೆ ಬಡಿದಾಡುತ್ತಾಳೆ ಎಂದು ನನಗೆ ತಿಳಿಯುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಿಳಿಯುತ್ತಿತ್ತು.

ಒಂದು ದಿನ ಅವಳು ಕಾಲೇಜಿಗೆ ಹೋದಾಗ ನಾನು ಒಬ್ಬಳೇ ಕೂತು ಒಂದು ಪುಸ್ತಕ ತಿರುವಿದೆ. ನಮ್ಮ ಕಡೆಯಿಂದಲೇ ತಿರುವಿದೆ, ಕೈಗೆ ರೂಢಿ. ಮೂರು ಚಿತ್ರ ಕಂಡವು. ಛತ್ರಿವಾಲಾ ನಮಗೆ ಬೆನ್ನು ಮಾಡಿ ನಡೆಯುತ್ತಿದ್ದಾನೆ. ಆಮೇಲೆ ಅಗಸಿಯಲ್ಲಿ ಊರಿನ ಹಿರಿ ಮುದುಕಿ ಅವನ ಎದುರು ಕೈ ಚಾಚಿ ನಿಂತಿದ್ದಾಳೆ. ಆಮೇಲೆ ಮುಚ್ಚಿದ ಬಾಗಿಲು. ಸಂಜೆ ದೀಪಾ ಬಂದ ಕೂಡಲೆ, ದೊಡ್ಡ ಜಾಣೆಯ ಹಾಗೆ ಹೇಳಿದೆ: "ಪಾಪ, ಅಂವ ಊರಿಗೆ ಬಂದಿದ್ದ. ಮುದುಕಿ ತಡದು, ಬಾಗಲಾ ಹಾಕ್ಕೊಂಡಳು."

ದೀಪಾ ಹೊಟ್ಟೆ ಹಿಡಿದು ನಕ್ಕಳು. "ಆಯಿ, ಉಲ್ಟಾ ನೋಡಿಯಲ್ಲ! ಮೊದಲ ಬಾಗಲಾ, ಆಮ್ಯಾಲ ಮುದುಕಿ ಬಂದು ದೋಣಿ ಸುಡಬ್ಯಾಡ ಅಂತ ಕೈಚಾಚಿ ಬೇಡಕೋತಾಳ, ಆಮ್ಯಾಲ ಅಂವ ತಿರುಗಿ ಹೋಗತಾನ..." ಎನ್ನುತ್ತ ಪುಸ್ತಕ ಇಸಿದುಕೊಂಡಳು. ಹಾಗೇ ನಿಂತಳು. ಬೆಳಕಿಗೆ ಹಿಡಿದು ನೋಡಿದಳು.

"ಆಯಿ. ಬೇಡಾವರ ಅಂಗೈ ಮ್ಯಾಲ ಇರತೈತಿ. ಈಕಿ ಅಂಗೈ ಅವನ ಕಡೆ ಐತಿ. ಈಕಿ ಬೇಡಾಕತ್ತಿಲ್ಲ. ನಿಲ್ಲ ಅನ್ನಾಕತ್ತಾಳ."

ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಎಲ್ಲರ ಮುಂದೆ ಸಾರಿದಳು: ಛತ್ರಿವಾಲಾನನ್ನು ಊರಿನಿಂದ ಹೊರಗೆ ಕಳಿಸಿದವಳು ಆ ಮುದುಕಿ. ಊರೆಲ್ಲ ಕೈಮುಗಿಯುವ, ತಮ್ಮನಿಗೆ ಅನ್ನ ಹಾಕಿ ಬೆಳೆಸಿದ ಆ ಮುದುಕಿಯೇ. "ಆಣೆ ಹಾಕಿಸ್ಯಾಳ ಅವಂಗ. ಅದಕ್ಕ ಅಗಸಿ ದಾಟಂಗಿಲ್ಲ. ತಮ್ಮಗ ಏನೂ ಗೊತ್ತಿಲ್ಲ."

ನನ್ನ ಕೈಯೊಳಗಿನ ಎಲೆ ಹರಿಯಿತು. "ಆ ಮುದುಕಿ ಏನ ಮಾಡ್ಯಾಳಬೇ? ಕೂಸಿಗೆ ಅನ್ನ ಹಾಕಿ ಸಾಕ್ಯಾಳ. ಆಕಿ ಮ್ಯಾಲ ಯಾಕ ಗೂಬಿ ಕೂಡಸ್ತಿ?" ಎಂದೆ. ದನಿ ಜೋರಾಯಿತು. ಮಾಲನಬಾಯಿ ತಲೆ ಎತ್ತಲಿಲ್ಲ. ದೀಪಾ ನನ್ನ ಹರಿದ ಎಲೆಯನ್ನು ನೋಡಿದಳು.

ಈಗ ನನ್ನ ಮಗಳ ವಿಷಯ. ಸುನಂದಾ ನನಗೆ ಒಬ್ಬಳೇ. ಅವಳ ಗಂಡ ಕಬ್ಬಿನ ಟ್ರ್ಯಾಕ್ಟರಿನ ಅಡಿ ಸಿಕ್ಕು ಸತ್ತಾಗ ದೀಪಾಗೆ ಮೂರು ವರ್ಷ. ಮುಂದೆ ಕಾಗವಾಡದ ಕಡೆಯಿಂದ ಸುನಂದಾಗೆ ಉಡಕಿ ಕೇಳಿಕೊಂಡು ಬಂದರು. ಉಡಕಿ ಅಂದರೆ ವಿಧವೆಯ ಎರಡನೇ ಲಗ್ನ. ಮೊದಲಿನ ಗಂಡನ ಕೂಸನ್ನು ತವರಲ್ಲಿ ಬಿಟ್ಟು ಹೋಗುವುದು ನಮ್ಮ ಕಡೆ ನಡೆದುಬಂದದ್ದು. ಸುನಂದಾ ಹೋದಳು. ತಿಂಗಳಿಗೊಮ್ಮೆ ಬಂದು ಕೂಸನ್ನು ನೋಡಿ ಹೋಗುತ್ತಿದ್ದಳು. ಅವಳು ಹೋದ ಮೇಲೆ ಕೂಸು ವಾರಗಟ್ಟಲೆ ಹೊಸ್ತಿಲ ಮೇಲೆ ಕೂತು ಅಳುತ್ತಿತ್ತು, ಜ್ವರ ಬಂದು ಮೈ ಕಾಯುತ್ತಿತ್ತು. ನಾಲ್ಕನೆಯ ಸಲ ಬಂದಾಗ, ಮಲಗಿದ್ದ ಕೂಸಿನ ತಲೆಯ ಮೇಲೆ ಅವಳ ಕೈ ಇಡಿಸಿ, "ನಾ ಕರೆಯೋತನಕ ಈ ಮನಿ ಮೆಟ್ಟಲಾ ಹತ್ತಬ್ಯಾಡ" ಎಂದು ಆಣೆ ಹಾಕಿಸಿದೆ. ಕೂಸು ದೊಡ್ಡದಾಗಿ ಕೇಳಿದಾಗ, "ನಿಮ್ಮವ್ವ ಬಿಟ್ಟು ಹೋದಳು, ಎಲ್ಲದಾಳೋ ಗೊತ್ತಿಲ್ಲ" ಎಂದೆ. ಒಂದೇ ಸಲ ಅಂದದ್ದು. ಮತ್ತೆ ಅವಳು ಕೇಳಲಿಲ್ಲ.

ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ನನ್ನ ಮಗಳು ಬರುತ್ತಿರಲಿಲ್ಲ, ಅವಳು ಕಟ್ಟಿದ ಶೇಂಗಾ ಉಂಡಿ ಬರುತ್ತಿತ್ತು. ಮಾಲನಬಾಯಿಯ ತವರು ಕಾಗವಾಡದ ಹತ್ತಿರ. ಅವಳ ಅಣ್ಣನ ಕೈಯಲ್ಲಿ ಸುನಂದಾ ಒಂದು ಸ್ಟೀಲ್ ಡಬ್ಬಿ ಕಳಿಸುತ್ತಿದ್ದಳು. ನಾನು ಉಂಡಿಯನ್ನು ನಮ್ಮ ಡಬ್ಬಿಗೆ ಸುರುವಿಕೊಂಡು, ಬಂದ ಡಬ್ಬಿಯನ್ನು ಆಗಿಂದಾಗಲೇ ತಿರುಗಿ ಕಳಿಸುತ್ತಿದ್ದೆ. ದೀಪಾಗೆ "ಮಾಲನಬಾಯಿ ಮಾಡಿದ್ದು" ಎನ್ನುತ್ತಿದ್ದೆ.

ದೀಪಾ ಮುದುಕಿಯ ಆಣೆಯ ಮಾತು ತೆಗೆದ ವರ್ಷ ಪಂಚಮಿಗೆ ನಾನು ಜ್ವರ ಬಂದು ಮಲಗಿದ್ದೆ. ಡಬ್ಬಿ ಅಡಿಗೆಮನೆಯಲ್ಲೇ ಉಳಿಯಿತು. ಉಂಡಿ ತೀರಿದ ಮೇಲೆ ದೀಪಾ ಅದನ್ನು ತೊಳೆದು ಬೋರಲು ಹಾಕಿದಳು. ಪಾತ್ರೆಯ ತಳದಲ್ಲಿ ಅಂಗಡಿಯವರು ಹೆಸರು ಕೊರೆದು ಕೊಡುತ್ತಾರಲ್ಲ. 'ಸೌ. ಸುನಂದಾ, ಕಾಗವಾಡ.'

ನಾನು ಎದ್ದು ಕೂತ ದಿನ ಅವಳು ಆ ಡಬ್ಬಿಯನ್ನು ನನ್ನ ಮುಂದೆ ಬೋರಲು ಇಟ್ಟಳು. ಮಾಲನಬಾಯಿ, ಹಸೀನಾ ಇಬ್ಬರೂ ಇದ್ದರು. ಮಾಲನಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೀಪಾ ಕೂಗಾಡಲಿಲ್ಲ.

"ಆಯಿ, ಆ ಮುದುಕಿ ಯಾರ ತಲಿ ಮ್ಯಾಲ ಆಣೆ ಹಾಕಿಸಿದ್ದಳು?"

ನಾನು ಸುಳ್ಳು ಹೇಳಬಹುದಿತ್ತು. ಸಾಕಾಗಿತ್ತು. "ನಿನ್ನ ತಲಿ ಮ್ಯಾಲ" ಎಂದೆ.

ಅವಳ ಕೈ ತಾನೇ ಎದ್ದು ಅವಳ ನೆತ್ತಿ ಮುಟ್ಟಿತು.

"ಏನಂತ?"

"ನಾ ಕರೆಯೋತನಕ ಬರಬ್ಯಾಡ ಅಂತ."

"ಕರದೇನ?"

"ಇಲ್ಲ."

ಯಾಕ ಎಂದು ಕೇಳುತ್ತಾಳೆಂದು ಕಾದೆ. ಛತ್ರಿವಾಲಾನ ಸಲುವಾಗಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಮಾತು ಅದು. ಯಾಕ ನಿಂತ, ಯಾಕ ತಿರುಗಿದ, ಛತ್ರಿ ಯಾಕ ಮುಚ್ಚಲಿಲ್ಲ. ನನ್ನನ್ನು ಮಾತ್ರ ಕೇಳಲಿಲ್ಲ. ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಮಾಲನಬಾಯಿಯಿಂದ ಫೋನ್ ನಂಬರು ತೆಗೆದುಕೊಂಡು ಅಂದೇ ಅವ್ವನ ಜೊತೆ ಮಾತಾಡಿದಳು. ಬಾಗಿಲು ಹಾಕಿಕೊಂಡಿದ್ದಳು, ನನಗೆ ಬರೀ ಅಳು ಕೇಳಿಸಿತು.

ನಾಲ್ಕನೆಯ ದಿನ ದೀಪಾ ಅವ್ವನ ಮನೆಗೆ ಹೊರಟಳು, ಬಸ್‌ಸ್ಟ್ಯಾಂಡಿಗೆ ನಾನೂ ಹೋದೆ. ಬರಬ್ಯಾಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಬ್ಯಾಗು ನಾನೇ ಹಿಡಿದಿದ್ದೆ. "ಅಲ್ಲಿ ಹಟಾ ಮಾಡಬ್ಯಾಡ. ಅವರ ಮನಿ ಅದು. ಕಾಲೇಜು ಬಿಡಬ್ಯಾಡ" ಎಂದೆ. ಬೇರೆ ಮಾತು ನನಗೆ ಬರುವುದಿಲ್ಲ. ಬಸ್ಸು ಬಂತು. ಮಂದಿ ಹತ್ತತೊಡಗಿದರು. ಅವಳು ಬ್ಯಾಗಿನ ಬೆಲ್ಟು ಹಿಡಿದು ಎಳೆದಳು, ಬರಲಿಲ್ಲ.

"ಕೈ ಬಿಡ ಆಯಿ" ಎಂದಳು.

ನೋಡಿಕೊಂಡೆ. ನನ್ನ ಮುಖ ಗಟ್ಟಿಯಾಗಿತ್ತು, ನನಗೆ ಗೊತ್ತು. ಕೈ ಮಾತ್ರ ಬೆಲ್ಟು ಬಿಟ್ಟಿರಲಿಲ್ಲ. ಅವಳು ಆ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದೊಂದೇ ಬೆರಳು ಬಿಡಿಸಿ, ಬಸ್ಸು ಹತ್ತಿದಳು.

ಕಾಗವಾಡ ಏನು ಪರದೇಶವಲ್ಲ. ಬೆಳಿಗ್ಗೆ ಹೋದರೆ ಸಂಜೆ ತಿರುಗಿ ಬರಬಹುದು. ಇಷ್ಟು ವರ್ಷವೂ ಅದು ಅಷ್ಟೇ ದೂರ ಇತ್ತು. ಈಗ ಎರಡು ಪಂಚಮಿ ಆದವು. ಅವಳೂ ಬರಲಿಲ್ಲ, ಡಬ್ಬಿಯೂ ಬರಲಿಲ್ಲ. ಸುನಂದಾಗೆ ಮಾಲನಬಾಯಿಯ ಫೋನಿನಿಂದ ನಾನೇ ಹೇಳಿದೆ: "ಆಣೆ ತಿರುಗಿ ತೊಗೊಂಡೇನಿ, ಬಾ." "ದೀಪಾಗ ಕೇಳತೀನವ್ವಾ" ಎಂದಳು.

ಪಡಸಾಲೆ ಹಾಗೇ ಇದೆ. ಓದುವವಳ ಮೊರವನ್ನು ನಾನು ಗೋಡೆಗೆ ನಿಲ್ಲಿಸಿಟ್ಟಿದ್ದೆ. ಒಂದು ಮಧ್ಯಾಹ್ನ ಹಸೀನಾ ಅದನ್ನು ತಂದು ನಡುವೆ ಇಟ್ಟಳು. ಯಾರೂ ಏನೂ ಓದದಿದ್ದರೂ ಮೂವರೂ ಒಂದೊಂದು ಹಿಡಿ ಹಾಕಿದೆವು. ಮರುದಿನ ನಾನೇ ಅದನ್ನು ತೆಗೆದು ಮತ್ತೆ ಗೋಡೆಗೆ ನಿಲ್ಲಿಸಿದೆ. ಓದುವವಳಿಲ್ಲದ ಮೊರದ ಎದುರು ಕೂತು ಬೀಡಿ ಕಟ್ಟುವುದು ನನ್ನ ಕೈಯಿಂದ ಆಗದು.

ಅವಳು ಹೋದ ತಿಂಗಳಿಗೆ, ಮೊದಲೇ ದುಡ್ಡು ಕಟ್ಟಿದ್ದ ಕಡೆಯ ಪುಸ್ತಕ ಅಂಚೆಯಲ್ಲಿ ಬಂತು. ಕಳಿಸಲೇ ಎಂದು ಮಾಲನಬಾಯಿಯ ಕೈಲಿ ಫೋನ್ ಮಾಡಿಸಿ ಕೇಳಿದೆ. "ಬ್ಯಾಡ, ನನಗ ಮುಂದಿಂದ ಗೊತ್ತೈತಿ" ಎಂದಳಂತೆ. ಹಾಗಾಗಿ ಅದು ನನ್ನ ಹತ್ತಿರವೇ ಇದೆ. ನಮ್ಮ ಕಡೆಯಿಂದ ತೆರೆದರೆ ಮೊದಲು ಕಾಣುವುದೇ ಕಡೆಯ ಚಿತ್ರ. ಛತ್ರಿವಾಲಾ ಅಗಸಿಯ ಒಳಗೆ ನಿಂತಿದ್ದಾನೆ. ಛತ್ರಿ ಮಡಚಿದ್ದಾನೆ. ತಮ್ಮ ಅವನ ಎದುರು ಕತ್ತಿ ಕೆಳಗೆ ಹಾಕಿದ್ದಾನೆ. ದೀಪಾ ಹೇಳಿದ್ದೇ ಖರೆ ಆಗಿರಬೇಕು.

ಮುದುಕಿಯನ್ನು ಹುಡುಕಿದೆ. ನಮ್ಮ ಕಡೆಯಿಂದ ಹುಡುಕಿದೆ, ಅವರ ಕಡೆಯಿಂದಲೂ ಹುಡುಕಿದೆ. ನಡುವೆ ಎಲ್ಲೋ ಒಂದು ಕಡೆ ಇದ್ದಾಳೆ. ಒಲೆಯ ಮುಂದೆ ಒಬ್ಬಳೇ ಕೂತು ಏನೋ ಹೇಳುತ್ತಿದ್ದಾಳೆ, ಪುಟ ತುಂಬ ಇರುವೆ ಸಾಲು. ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯುವುದಿಲ್ಲ. ನಾನಾಗಿದ್ದರೆ ಏನು ಹೇಳುತ್ತಿದ್ದೆ ಎಂಬುದು ತಿಳಿದಿದೆ. ಕೂಸಿನ ಜ್ವರ ಒಂದು ಕಾರಣ. ಕರೆದರೆ ಸುನಂದಾ ಕೂಸನ್ನೂ ಕರೆದುಕೊಂಡು ಹೋಗುತ್ತಾಳೆ, ನಾನೊಬ್ಬಳೇ ಈ ಮೊರದ ಮುಂದೆ ಉಳಿಯುತ್ತೇನೆ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದು. ಕೇಳಿದ್ದರೆ ಮುಚ್ಚದೆ ಹೇಳುತ್ತಿದ್ದೆ.

ಒಬ್ಬ ಕಾಗದದ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ಅವಳು ಮೂರು ವರ್ಷ ತಲೆ ಕೆಡಿಸಿಕೊಂಡಳು. ನನ್ನ ಸಲುವಾಗಿ ಒಂದು ಮಧ್ಯಾಹ್ನ ಕೆಡಿಸಿಕೊಂಡಿದ್ದರೆ ಸಾಕಿತ್ತು.