ಸೆರಾಫಿನ್ ಮೇಷ್ಟ್ರ ಅಮಾವಾಸ್ಯೆ

ಡೊಮಿನಿಕಾ ದ್ವೀಪದ ಶಾಲೆಗಳಲ್ಲಿ ಬೇಸಾಯ ಕಲಿಸುವವರೆಲ್ಲ ಒಂದಲ್ಲ ಒಂದು ದಿನ ಸೆರಾಫಿನ್ ಮೇಷ್ಟ್ರಿಂದ ಬೈಸಿಕೊಂಡವರೇ. ಮೂವತ್ತೊಂದು ವರ್ಷದಿಂದ ಅವರು ತರಬೇತಿ ಕಾಲೇಜಿನಲ್ಲಿ ಮೇಷ್ಟ್ರುಗಳಿಗೆ ಮೇಷ್ಟ್ರು. ಸಾಲು ನೆಟ್ಟಗಿರಬೇಕು, ಹಗ್ಗ ಹಿಡಿಯದೆ ಗುದ್ದಲಿ ಮುಟ್ಟಬಾರದು, ಚಂದ್ರನನ್ನು ನಂಬಬಾರದು. ಇದಿಷ್ಟು ಅವರ ಶಾಸ್ತ್ರ. ದ್ವೀಪದ ಜನ ಗೆಡ್ಡೆ ನೆಡಲು ಅಮಾವಾಸ್ಯೆ ಕಾಯುತ್ತಾರೆಂದರೆ ಅವರಿಗೆ ಮೈಯೆಲ್ಲ ಉರಿ. ಹೊಸ ತಂಡ ಬಂದ ದಿನ ಅಮಾವಾಸ್ಯೆ ಗುರುತಿರುವ ಗೋಡೆಯ ಕ್ಯಾಲೆಂಡರನ್ನು ತಿರುಗಿಸಿ ತೂಗುಹಾಕಿ, ಚಂದ್ರನಿಗೂ ಗೆಣಸಿಗೂ ಯಾವ ಊರಿನ ನೆಂಟಸ್ತಿಕೆ ಎಂದು ಕೇಳುವುದು ಅವರ ವಾಡಿಕೆ. ಅವರ ಮನೆಯ ಹಿತ್ತಲಿಗೆ ಮಾತ್ರ ಕಾಲೇಜಿನವರು ಯಾರೂ ಕಾಲಿಟ್ಟಿರಲಿಲ್ಲ.

ಆ ವರ್ಷದ ತಂಡದಲ್ಲಿ ಥೆರೆಸೀನ್ ಲಾರೋಂಡ್ ಇದ್ದಳು. ಬೆಟ್ಟದ ಮೇಲಿನ ಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದವಳು, ಕೈಯಲ್ಲಿ ಪ್ರಮಾಣಪತ್ರವಿಲ್ಲ. ಈ ಸಲ ಅದು ಸಿಗದಿದ್ದರೆ ಕೆಲಸ ಹೋಯಿತೆಂದೇ ಲೆಕ್ಕ. ಹೆಗ್ಗೆಣಸು ನೆಡುವ ಪರೀಕ್ಷೆಯ ದಿನ ಹನ್ನೊಂದು ಜನ ನೆಟ್ಟರು. ಥೆರೆಸೀನಳ ಮಣ್ಣಿನ ಗುಡ್ಡೆಗಳು ಎಲ್ಲರದಕ್ಕಿಂತ ಚೆನ್ನಾಗಿದ್ದವು, ಒಳಗೆ ಏನೂ ಇರಲಿಲ್ಲ.

"ಏನು ತಾಯಿ, ಗೆಣಸು ಬಸ್ಸಲ್ಲಿ ಬರ್ತಾ ಇದೆಯಾ?" ಎಂದರು ಮೇಷ್ಟ್ರು.

"ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇದೆ ಸಾರ್. ಈಗ ನೆಟ್ರೆ ಬಳ್ಳಿ ಮುಗಿಲಿಗೆ ಹೋಗ್ತದೆ, ಗೆಡ್ಡೆ ಬೆರಳಷ್ಟೇ."

ಮೇಷ್ಟ್ರು ಪುಸ್ತಕ ತೆಗೆದು ಸೊನ್ನೆ ಬರೆದರು. ಆ ಸೊನ್ನೆ ಅಲ್ಲೇ ಉಳಿದರೆ ಥೆರೆಸೀನ್ ನಪಾಸು. ಅದು ಇಬ್ಬರಿಗೂ ಗೊತ್ತಿತ್ತು.

ಒಂಬತ್ತನೆಯ ದಿನ ಬೆಳಗ್ಗೆ ಅವಳು ತನ್ನ ಗೆಣಸು ನೆಟ್ಟು, ಒಂದು ಸಲ ಬಂದು ನೋಡಿ ಎಂದು ಬೇಡಿಕೊಳ್ಳಲು ನೇರ ಮೇಷ್ಟ್ರ ಮನೆಗೆ ಹೋದಳು. ಬಾಗಿಲು ತೆರೆದದ್ದು ಅವರ ಹೆಂಡತಿ ಇಗ್ನೇಸಿಯಾ, ಬಾಯಲ್ಲಿ ಗುಟ್ಟು ನಿಲ್ಲದ ಹೆಂಗಸು. ಅವರು ಹಿತ್ತಲಲ್ಲಿದ್ದಾರೆ, ಇವತ್ತು ಅಮಾವಾಸ್ಯೆ ಅಲ್ಲವೇ, ನೆಡುವುದು ಮುಗಿಯುವ ತನಕ ಕಾಫಿಗೂ ಬರುವುದಿಲ್ಲ ಎಂದು ದಾರಿ ತೋರಿಸಿಬಿಟ್ಟಳು.

ಮೇಷ್ಟ್ರು ಮಣ್ಣಲ್ಲಿ ಮಂಡಿಯೂರಿದ್ದರು. ಕೈಯಲ್ಲಿ ನೆಡಲು ಕೊಯ್ದ ಹೆಗ್ಗೆಣಸಿನ ತಲೆ. ಹಗ್ಗವಿಲ್ಲ, ಸಾಲು ಹಾವಿನ ಹಾಗೆ ಡೊಂಕು. ಥೆರೆಸೀನಳನ್ನು ಕಂಡವರೇ ಗೆಣಸನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಅರವತ್ತು ವರ್ಷದ ಮನುಷ್ಯ!

"ಹಗ್ಗ ಹಿಡೀಲಾ ಸಾರ್?" ಎಂದಳು ಥೆರೆಸೀನ್.

ಮೇಷ್ಟ್ರು ಬಚ್ಚಿಟ್ಟ ಗೆಣಸನ್ನು ಮುಂದೆ ತಂದು ಮೆಲ್ಲಗೆ ಮಣ್ಣಿಗಿಟ್ಟರು. ಆಮೇಲೆ ತಲೆ ಎತ್ತದೆಯೇ, "ನಮ್ಮಮ್ಮ ಹೀಗೇ ನೆಡ್ತಿದ್ಳು. ಅವಳು ಹೋದ್ಮೇಲೆ ಬಿಡೋಕೆ ನೋಡ್ದೆ. ಆಗ್ಲಿಲ್ಲ ಕಣಮ್ಮಾ" ಎಂದರು. ಥೆರೆಸೀನಳಿಗೆ ನಗು ಬರುತ್ತಿದ್ದದ್ದು ನಿಂತುಹೋಯಿತು. ಅವರ ಮೇಲೆ ಪ್ರೀತಿ ಉಕ್ಕಿಬಂತು. ತನ್ನ ಪರೀಕ್ಷೆಯ ಮಾತೆತ್ತದೆ ವಾಪಸು ಹೊರಟಳು.

ಮರುದಿನ ಮೇಷ್ಟ್ರು ತರಗತಿಯಲ್ಲಿ ತಮ್ಮ ಹಿತ್ತಲಿನ ಕಥೆಯನ್ನು ತಾವೇ ಹೇಳಿ, ಎಲ್ಲರೂ ನಕ್ಕು ಮುಗಿಸುವ ತನಕ ಕಾದರು. ಆಮೇಲೆ ತೀರ್ಮಾನ ಹೇಳಿದರು: ಥೆರೆಸೀನ್ ಅಮಾವಾಸ್ಯೆಗೆ ನೆಟ್ಟ ಸಾಲನ್ನೂ ಪರೀಕ್ಷೆಯ ದಿನವೇ ನೆಟ್ಟ ಪಕ್ಕದ ಸಾಲನ್ನೂ ಒಂದೇ ರೀತಿ ಸಾಕಬೇಕು, ಜನವರಿಯಲ್ಲಿ ಅಗೆದು ತೂಗಬೇಕು. ಲೆಕ್ಕವೆಲ್ಲ ಅವಳೇ ಬರೆಯಬೇಕು. ಅಂಕ ಆಮೇಲೆ.

ಜನವರಿ ಬಂತು. ಥೆರೆಸೀನ್ ತಾನೇ ತೂಗಿದಳು, ಎರಡನೆಯ ಸಲವೂ ತೂಗಿದಳು. ಪಕ್ಕದ ಸಾಲಿನ ಗೆಣಸೇ ಮೂರು ಪೌಂಡ್ ಹೆಚ್ಚು. ಚಂದ್ರ ಸೋತಿದ್ದ. ಅವಳು ಒಂದಂಕಿಯನ್ನೂ ತಿದ್ದದೆ ಬರೆದು, ಪುಸ್ತಕವನ್ನು ಮೇಷ್ಟ್ರ ಮೇಜಿನ ಮೇಲಿಟ್ಟಳು. ಹದಿನಾಲ್ಕು ವರ್ಷ ಮುಗಿಯಿತು ಎಂದುಕೊಂಡಳು.

ಮೇಷ್ಟ್ರು ಓದಿದರು. ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಬರೆದರು. "ನಂಬಿದ್ದನ್ನ ತೂಕಕ್ಕೆ ಹಾಕಿದವಳು ನೀನೊಬ್ಳೇ. ನಂಗೆ ಮೂವತ್ತೊಂದು ವರ್ಷದಲ್ಲಿ ಧೈರ್ಯ ಬರ್ಲಿಲ್ಲ" ಎಂದರು.

ಥೆರೆಸೀನ್ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಈ ವರ್ಷ ನೀವು ಯಾವತ್ತು ನೆಡ್ತೀರಿ ಸಾರ್?"

"ಏಪ್ರಿಲ್ ಹನ್ನೆರಡು."

ಅವಳು ಬೆರಳು ಮಡಚಿ ಎಣಿಸಿದಳು. "ಅವತ್ತು ಅಮಾವಾಸ್ಯೆ ಸಾರ್."

"ಗೊತ್ತು. ಹಗ್ಗ ಹಿಡಿಯೋಕೆ ಬಾ."